ವಲ್ಲಿಯ ಕೆಳಗಿನ ಧ್ಯಾನ

ನಮ್ಮ ಸೋದರಮಾವ ಧ್ಯಾನ ಕಲಿಸುತ್ತಾನೆಂದು ಆದೋನಿಯಿಂದ ಸುದ್ದಿ ಬಂದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡೆ. ಧ್ಯಾನವೇ? ಮಾವನೇ? ಹತ್ತಿ ಪೇಟೆಯ ದಲಾಲ ಆತ, ನಿದ್ದೆಯಲ್ಲೂ ಬೆಲೆ ಕೂಗುವವನು! ಆತ ಸುಮ್ಮನಿದ್ದದ್ದನ್ನು ಹೆತ್ತ ತಾಯಿ, ಅಂದರೆ ನಮ್ಮಜ್ಜಿಯೂ ನೋಡಿರಲಿಲ್ಲ.

ಆ ಮನೆಯಲ್ಲಿ ಸುಮ್ಮನಿದ್ದವಳು ಮಾವನ ಹೆಂಡತಿ, ನಮ್ಮತ್ತೆ. ಹೆತ್ತ ಕೂಸು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅಂದಿನಿಂದ ಆಕೆಯ ಮಾತು ನಿಂತಿತ್ತು. ಅಜ್ಜಿ ಸ್ವಲ್ಪ ದಿನ ಕಾದಳು, ಆಮೇಲೆ ಮಗನಿಗೆ ಕೌತಾಳದಲ್ಲಿ ಎರಡನೇ ಹೆಣ್ಣು ನೋಡತೊಡಗಿದಳು. ಮಾವ ವಾದ ಮಾಡಲಿಲ್ಲ. ಒಂದು ಬೆಳಿಗ್ಗೆ ಹಣೆ ತುಂಬ ವಿಭೂತಿ ಬಳಿದುಕೊಂಡು ಪಡಸಾಲೆಗೆ ಬಂದನಂತೆ.

"ಅವ್ವಾ, ನನಗ ಧ್ಯಾನದ ದೀಕ್ಷಾ ಆಗೈತಿ. ಧರ್ಮಪತ್ನಿ ಎದುರಿಗೆ ಕುಂದ್ರಬೇಕು. ಸಿದ್ಧಿ ಆಗೂತನಕ ಇನ್ನೊಂದು ಲಗ್ನದ ಮಾತು ಎತ್ತಬಾರದು."

"ಯಾವ ಗುರು ಕೊಟ್ಟಾನೋ?"

"ಹೆಸರು ಹೇಳಿದ್ರ ಫಲ ಇಲ್ಲ."

ದೇವರ ವಿಷಯಕ್ಕೆ ಎದುರಾಡುವುದು ಹೇಗೆ? ಅಜ್ಜಿ ಕೌತಾಳದ ಮಾತನ್ನು ಮುಂದಕ್ಕೆ ಹಾಕಿದಳು. ಇವರಿಬ್ಬರು ಕೂರುವುದನ್ನು ನೋಡಿದ ಅಕ್ಕಪಕ್ಕದವರು ತಮಗೂ ಕಲಿಸೆಂದು ಮಾವನ ಬೆನ್ನು ಹತ್ತಿದರಂತೆ.

ನೋಡಿಯೇ ಬಿಡೋಣವೆಂದು ಗಂಡನನ್ನು ಕರೆದುಕೊಂಡು ಮದ್ದಿಕೇರದಿಂದ ಹೊರಟೆ. ಪಡಸಾಲೆ ತುಂಬ ಜನ! ಗಂಡ ಹೆಂಡತಿ ಜೋಡಿ ಜೋಡಿಯಾಗಿ ಎದುರುಬದುರು ಕೂತಿದ್ದಾರೆ! ಹಿರಿಯರ ಮುಂದೆ ಗಂಡನಿಗೆ ನೀರು ಕೊಡುವಾಗಲೂ ಗೋಡೆ ನೋಡುತ್ತಿದ್ದ ಕಾಲ ಅದು. ಇನ್ನೂ ಘೋರವೆಂದರೆ, ಪ್ರತಿ ಜೋಡಿಯ ಕೈಗಳ ಮೇಲೆ ಒಂದೊಂದು ವಲ್ಲಿ! ಪೇಟೆಯಲ್ಲಿ ದಲಾಲರು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು, ಯಾರಿಗೂ ಕಾಣದಂತೆ ಬೆಲೆ ಕುದುರಿಸುತ್ತಾರಲ್ಲ, ಥೇಟ್ ಅದೇ!

"ಮಾವಾ, ಇದೇನು ಅವತಾರ?"

"ಕೈ ಹಿಡಿ, ಕಣ್ಣು ಮುಚ್ಚು, ಬಾಯಿ ಮುಚ್ಚು. ಇಷ್ಟ ಧ್ಯಾನ."

"ಮಂತ್ರ?"

"ಬಾಯಿ ಮುಚ್ಚೂದ ಮಂತ್ರ."

ಈ ಮಾತು ಹೇಳಿದ್ದು ಯಾರು? ನಮ್ಮ ಮಾವ! ನನಗೆ ತಲೆ ತಿರುಗಿತು.

ಆಸ್ಪರಿಯ ರೈತನ ಹೆಂಡತಿಯೊಬ್ಬಳು ಕಣ್ಣು ತೆರೆದವಳೇ, "ನಾಕು ಮಕ್ಕಳ ತಾಯಿ ನಾ. ಇವರ ಕೈ ಇಷ್ಟು ಒರಟು ಅಂತ ಇವತ್ತ ಗೊತ್ತಾತು ನೋಡ್ರೀ!" ಅಂದಳು. ಹೆಂಡಿರು ತವರಿಗೆ ಹೋಗಿದ್ದಾರೆಂದು ಬಂದ ಇಬ್ಬರು ವ್ಯಾಪಾರಿಗಳನ್ನು ಮಾವ ಪರಸ್ಪರ ಎದುರಿಗೇ ಕೂರಿಸಿದ. ಧ್ಯಾನ ಮುಗಿಯುವಷ್ಟರಲ್ಲಿ ಒಬ್ಬನ ಗಾಡಿ ತುಂಬ ಹತ್ತಿ ಇನ್ನೊಬ್ಬನಿಗೆ ಮಾರಾಟವಾಗಿತ್ತು! "ಭಲೇ ಧ್ಯಾನಂ ಸ್ವಾಮೀ!" ಎಂದು ಇಬ್ಬರೂ ಅಡ್ಡಬಿದ್ದರು. ಅಲ್ಲಿಂದ ಶುರುವಾಯಿತು ನೋಡಿ ಕೀರ್ತಿ! ಹಿಮಾಲಯದಲ್ಲಿ ತಪಸ್ಸು ಮಾಡಿದವರಂತೆ, ಮುಟ್ಟಿದರೆ ಮನಸ್ಸು ಓದುತ್ತಾರಂತೆ! ಮಾವ ರಾಯಚೂರು ದಾಟಿದವನಲ್ಲ.

ನಾವು ಅಲ್ಲೇ ಉಳಿದು ವಾರವಾದರೂ ಅತ್ತೆ ಮಾತ್ರ ಇನ್ನೂ ಮಾತಾಡಿರಲಿಲ್ಲ. ಕೌತಾಳದವರು ಹೆಣ್ಣು ಕೊಡಲು ಒಪ್ಪಿ ಹೇಳಿ ಕಳಿಸಿದ್ದರು. ಅಜ್ಜಿಯ ತಾಳ್ಮೆ ಮುಗಿಯಿತು. "ಏನು ಸಿದ್ಧಿ ಆಗೈತಿ, ನೋಡೇ ಬಿಡ್ತೀನಿ!" ಎನ್ನುತ್ತ ತುಂಬಿದ ಪಡಸಾಲೆಯಲ್ಲಿ ಮಗ ಸೊಸೆಯ ಕೈಮೇಲಿನ ವಲ್ಲಿಯನ್ನು ಸರ್ರನೆ ಎಳೆದಳು.

ಅಲ್ಲಿ ಮುದ್ರೆಯೂ ಇಲ್ಲ, ಬೆರಳ ಲೆಕ್ಕವೂ ಇಲ್ಲ. ಆಕೆಯ ಕೈಯನ್ನು ಮಾವ ಎರಡೂ ಕೈಗಳಲ್ಲಿ ಇಟ್ಟುಕೊಂಡಿದ್ದ, ಅಷ್ಟೇ. ಪೇಟೆಯನ್ನೇ ಮಾರಿಬರುವ ದಲಾಲನ ಮುಖ ನಾಚಿಕೆಯಿಂದ ಕೆಂಪಾಗಿತ್ತು. ಕೂಸು ಕಳೆದುಕೊಂಡ ಹೆಂಡತಿಯ ಹತ್ತಿರ ಸುಮ್ಮನೆ ಕೂರುವುದಕ್ಕೆ ಈ ಮನುಷ್ಯ ಊರಿಗೆಲ್ಲ ಗುರುವಾಗಬೇಕಾಯಿತಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

ಆತ ಬಾಯಿ ತೆರೆಯುವ ಮೊದಲೇ ಒಂದು ಒಡಕು ದನಿ ಕೇಳಿತು.

"ವಲ್ಲಿ ಹಾಕ್ರಿ ಅತ್ತೀ. ವ್ಯಾಪಾರ ಇನ್ನಾ ಮುಗದಿಲ್ಲ."

ನಮ್ಮತ್ತೆ! ಮಾತಾಡಿದ್ದು ನಮ್ಮತ್ತೆ!

ಅಜ್ಜಿ ಕೈಯಲ್ಲಿದ್ದ ವಲ್ಲಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ಅದನ್ನು ಇಬ್ಬರ ಕೈಮೇಲೆ ಮತ್ತೆ ಹೊದಿಸಿ, ಅಂಚು ಸರಿಮಾಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು:

"ಕೌತಾಳದವರಿಗೆ ಬ್ಯಾಡಂತ ಹೇಳಿ ಕಳಸವ್ವಾ."