ಟಿಕ್ ಅನ್ನದ ಮ್ಯಾನಿಫೋಲ್ಡ್

ಎಲ್ಲಾ ಶುರುವಾಗಿದ್ದು ಒಂದು ‘ಟಿಕ್’ನಿಂದ. ಗಡಿಯಾರದ ಟಿಕ್ ಅಲ್ಲ, ಕಾರಿನ ಬಾನೆಟ್ ಒಳಗಿನ ಟಿಕ್. ಇಂಜಿನ್ನಿನ ಬಿಸಿ ಹೊಗೆಯನ್ನು, ಇಂಜಿನ್ನಿಗೆ ಗಾಳಿ ಊದಿ ಬಲ ಕೊಡುವ ಟರ್ಬೊಗೆ ಮುಟ್ಟಿಸುವ ಪೈಪುಗಳ ಗೊಂಚಲಿಗೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದು ಬಿರುಕು ಬಿಟ್ಟರೆ ಈ ಸದ್ದು. ಹಳೇ ಪುಟಾಣಿ ಕಾರಿಗೆ ಎಲ್ಲಿಂದಲೋ ಟರ್ಬೊ ತಂದು ಸಿಕ್ಕಿಸಿಕೊಂಡಿದ್ದ ನಮ್ಮ ಹೀರೋಗೆ ಬೀದಿಯವರು ಇಟ್ಟ ಹೆಸರೂ ಟರ್ಬೊ. ಕೆಲಸ ಕನ್ನಡಕದ ಅಂಗಡಿಯಲ್ಲಿ. ಮನೆಯಲ್ಲಿ ಸೈಡ್ ಆ್ಯಕ್ಟರ್, ಕಾರಲ್ಲಿ ಮಾತ್ರ ಮಾಸ್ ಎಂಟ್ರಿ.

ಮೂರನೇ ಸಲ ಟಿಕ್ ಎಂದಾಗ ಹೆಂಡತಿ ಫೈನಲ್ ಡೈಲಾಗ್ ಹೊಡೆದಳು.

“ನೋಡ್ರೀ, ಭಾನುವಾರ ಸಂಜೆ ನಮ್ಮಮ್ಮನ್ನ ಕೂರಿಸ್ಕೊಂಡು ಗುಡ್ಡ ಹತ್ತೋಣ. ದಾರೀಲಿ ಒಂದೇ ಒಂದು ಟಿಕ್ ಅಂದ್ರೂ ಸೋಮವಾರ ಕಾರು ಗುಜರಿಗೆ. ಗುಜರಿಯವನಿಗೆ ಹೇಳಿಯೂ ಆಗಿದೆ.”

“ಥ್ಯಾಂಕ್ಸ್ ಕಣೆ.”

“ಥ್ಯಾಂಕ್ಸ್ ಯಾಕೆ?”

“ಇವತ್ತೇ ಕೊಡ್ಲಿಲ್ವಲ್ಲ, ಅದಕ್ಕೆ.”

ಅವನ ಕಾಯಿಲೆಯೇ ಅದು. ಬೈದರೂ ಥ್ಯಾಂಕ್ಸ್, ಕಾಲು ತುಳಿದರೂ ಥ್ಯಾಂಕ್ಸ್. ಥ್ಯಾಂಕ್ಸ್ ಹೇಳದೆ ಅವನಿಗೆ ಜಗಳ ಆಡಲೂ ಬರುತ್ತಿರಲಿಲ್ಲ.

ಸೀದಾ ವೆಲ್ಡಿಂಗ್ ಶೆಡ್ಡಿನ ಅಕ್ಕನ ಹತ್ತಿರ ಓಡಿದ. ಅಕ್ಕ ಬಿರುಕು ಬಿಟ್ಟ ಪೈಪನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು.

“ಕಾಗದದಂಥ ಪೈಪು. ಇದರ ಮೇಲೆ ಅಷ್ಟು ಭಾರದ ಟರ್ಬೊ ನೇತಾಕಿದೀಯ. ಬಾಡಿಗೆ ಮನೆ ಮೊಳೆಗೆ ಬೀರು ನೇತಾಕ್ದಂಗೆ.”

ಅಕ್ಕ ದಪ್ಪ ಪೈಪಿನಲ್ಲಿ ಹೊಸ ಮ್ಯಾನಿಫೋಲ್ಡ್ ಮಾಡಿದಳು. ಟರ್ಬೊದ ಭಾರ ಹೊರಲು ಇಂಜಿನ್ನಿಗೇ ಕಚ್ಚುವ ಒಂದು ಆಸರೆ ಕೊಟ್ಟಳು. ಕೊನೆಗೆ ಬೆರಳು ಎತ್ತಿದಳು.

“ಬಿಸಿಯಾದ್ರೆ ಕಬ್ಬಿಣ ಉಬ್ಬತ್ತೆ. ಜರುಗೋಕೆ ಅಂತ ಬೋಲ್ಟಿನ ತೂತು ಒಂಚೂರು ದೊಡ್ಡದು ಬಿಟ್ಟಿದೀನಿ, ನಟ್ಟು ಸಿಕ್ಕಾಪಟ್ಟೆ ಟೈಟ್ ಮಾಡ್ಬೇಡ. ಜೋರಾಗಿ ಓಡ್ಸಿ ಬಂದ ತಕ್ಷಣ ಆಫ್ ಮಾಡ್ಬೇಡ, ಸ್ವಲ್ಪ ಹೊತ್ತು ಸುಮ್ನೆ ಆನ್‌ನಲ್ಲೇ ಬಿಡು. ಬಿಸಿ ಇದ್ದಾಗ ನೀರಂತೂ ತೋರಿಸ್ಲೇಬೇಡ, ಮತ್ತೆ ಬಿರುಕು ಬಿಡತ್ತೆ.”

“ಥ್ಯಾಂಕ್ಸ್ ಅಕ್ಕ.”

ಭಾನುವಾರ ಬೆಳಿಗ್ಗೆ ಒಂದು ರೌಂಡ್ ಹೊಡೆದು ಬಂದ. ಇಂಜಿನ್ ಆನ್‌ನಲ್ಲೇ ಬಿಟ್ಟು ಕೈ ತೊಳೆಯಲು ಒಳಗೆ ಹೋದ. ಸೋಪು ಹಚ್ಚುವಷ್ಟರಲ್ಲಿ ಹೊರಗೆ ಪಿಚ್ಚರ್ ಮಧ್ಯೆ ಕರೆಂಟ್ ಹೋದಂತೆ ನಿಶ್ಶಬ್ದ. ಓಡಿ ಬಂದರೆ ಕೆಳಗಿನ ಮನೆಯ ಅಂಕಲ್ ಬೆರಳಲ್ಲಿ ಕೀ ತಿರುಗಿಸುತ್ತಾ ನಿಂತಿದ್ದರು. ರಿಟೈರ್ಡ್ ಬಸ್ ಡ್ರೈವರ್ರು. ಬಸ್ಸಿಂದ ಇಳಿದಿದ್ದರೇ ಹೊರತು ಬೀದಿಯನ್ನು ಓಡಿಸುವುದು ಬಿಟ್ಟಿರಲಿಲ್ಲ.

“ಮರೆತು ಹೋಗಿದ್ಯಲ್ಲಪ್ಪಾ. ನಾನು ನೋಡಿದ್ದಕ್ಕೆ ಸರಿ ಹೋಯ್ತು.”

“ಥ್ಯಾಂಕ್ಸ್ ಅಂಕಲ್. ಬೇಕಂತಲೇ ಬಿಟ್ಟಿದ್ದೆ. ಅದು ನಿಧಾನಕ್ಕೆ ತಣ್ಣಗಾಗ್ಬೇಕು.”

“ಇಷ್ಟು ವರ್ಷ ಬಸ್ ಓಡಿಸಿದೀನಿ, ಒಂದು ದಿನಾನೂ ಇಂಜಿನ್ನಿಗೆ ಜೋಗುಳ ಹಾಡಿ ಮಲಗಿಸಿಲ್ಲ ನಾನು.”

ಟರ್ಬೊ ಕೀ ಇಸಕೊಂಡು ಮತ್ತೆ ಸ್ಟಾರ್ಟ್ ಮಾಡಿ, ಕಿವಿ ಕೊಟ್ಟು ಕೇಳಿದ. ಟಿಕ್ ಇಲ್ಲ. ಜೀವ ಬಂತು.

ಮಧ್ಯಾಹ್ನ ಊಟ ಮುಗಿಸಿ ಬಂದರೆ ಬಾನೆಟ್ ಮೇಲೆದ್ದಿತ್ತು. ಅದರ ಕೆಳಗಿನಿಂದ ಅಂಕಲ್‌ರ ಹಿಂಭಾಗ ಮಾತ್ರ ಕಾಣುತ್ತಿತ್ತು. ಅವರು ಸ್ಪ್ಯಾನರಿಗೆ ಉದ್ದನೆ ಪೈಪು ತೂರಿಸಿ ಬಾವಿಯಿಂದ ನೀರು ಸೇದುವವರ ಹಾಗೆ ಜಗ್ಗುತ್ತಿದ್ದರು.

“ನಟ್ಟೆಲ್ಲ ಸಡಿಲ ಇತ್ತಪ್ಪ. ಹಾಕ್ದೆ ನೋಡು ಟೈಟು. ಇನ್ನು ಆನೆ ಬಂದು ಗುದ್ದಿದ್ರೂ ಅಲ್ಲಾಡಲ್ಲ.”

“ಥ್ಯಾಂಕ್ಸ್ ಅಂಕಲ್. ಆದ್ರೆ ಅದು ಅಲ್ಲಾಡ್ಬೇಕು.”

“ಅಲ್ಲಾಡೋಕೆ ಅದೇನು ಡ್ಯಾನ್ಸರ್ರಾ?”

ಟರ್ಬೊ ನೆಲಕ್ಕೆ ಮಂಡಿ ಊರಿ ಎಲ್ಲಾ ನಟ್ಟು ಬಿಚ್ಚಿ, ಅಕ್ಕ ಹೇಳಿದಷ್ಟೇ ಬಿಗಿಯಲ್ಲಿ ಮತ್ತೆ ಕೂರಿಸಿದ. ಅಂಕಲ್ ಮುಖ ಊದಿಸಿಕೊಂಡೇ ಟಾರ್ಚ್ ಹಿಡಿದರು. ಅದಕ್ಕೂ ಅವರಿಗೊಂದು ಥ್ಯಾಂಕ್ಸ್ ಸಿಕ್ಕಿತು.

ಸಂಜೆ ಹೊರಡುವ ಮುಂಚೆ ಇನ್ನೊಂದೇ ಒಂದು ರೌಂಡ್ ನೋಡೋಣ ಎಂದು ಜೋರಾಗಿ ಓಡಿಸಿ ಬಂದು ಬಾನೆಟ್ ಎತ್ತಿದ. ಮಬ್ಬುಗತ್ತಲಲ್ಲಿ ಮ್ಯಾನಿಫೋಲ್ಡ್ ಕೆಂಪಗೆ ಹೊಳೆಯುತ್ತಿತ್ತು. ಅವನಿಗೆ ಅದು ಹೀರೋಯಿನ್ ಕೆನ್ನೆ. ಎದುರು ಮನೆ ಚಿಕ್ಕಮ್ಮನಿಗೆ ಅದು ಬೆಂಕಿ. ತುಂಬಿದ ಬಕೆಟ್ ಹಿಡಿದು ಓಡಿ ಬರುತ್ತಿದ್ದ ಚಿಕ್ಕಮ್ಮನನ್ನು ಟರ್ಬೊ ನೋಡಿದಾಗ ನೀರು ಆಗಲೇ ಗಾಳಿಯಲ್ಲಿತ್ತು.

ಗೆಳೆಯನಿಗೆ ಬರುವ ಗುಂಡಿಗೆ ಎದೆ ಕೊಡುವವರನ್ನು ಪರದೆ ಮೇಲೆ ನೋಡಿದ್ದೇವೆ. ಟರ್ಬೊ ಬೆನ್ನು ಕೊಟ್ಟ. ಬಕೆಟ್ಟಿನ ಒಂದು ಹನಿಯೂ ಕಬ್ಬಿಣಕ್ಕೆ ತಾಗಲಿಲ್ಲ, ಅವನ ಮೈಮೇಲೆ ಒಣ ಜಾಗವೂ ಉಳಿಯಲಿಲ್ಲ.

“ಸಮಯಕ್ಕೆ ಬಂದೆ ನೋಡು. ಇನ್ನೊಂದು ಬಕೆಟ್ ತರ್ಲಾ?”

“ಥ್ಯಾಂಕ್ಸ್ ಚಿಕ್ಕಮ್ಮ. ಒಂದೇ ಸಾಕು.”

ಬಟ್ಟೆ ಬದಲಿಸಲು ಹೆಂಡತಿ ಸಮಯ ಕೊಡಲಿಲ್ಲ. ಅತ್ತೆ ಹಿಂದೆ ಕೂತರು, ಹೆಂಡತಿ ಪಕ್ಕದಲ್ಲಿ ಕೂತು ರೇಡಿಯೋ ಆರಿಸಿ ಕಿವಿ ನೆಟ್ಟಗೆ ಮಾಡಿದಳು. ಏರು ಶುರುವಾಯಿತು. ಒಂದು ತಿರುವು, ಇನ್ನೊಂದು ತಿರುವು. ಟರ್ಬೊ ಹಿತವಾಗಿ ಶಿಳ್ಳೆ ಹಾಕುತ್ತಿತ್ತು.

ಗುಡ್ಡದ ತುದಿ ಕಂಡಿತು ಅನ್ನುವಾಗ ಟಿಕ್ ಟಿಕ್ ಟಿಕ್.

ಟರ್ಬೊ ಆಕ್ಸಿಲರೇಟರ್‌ನಿಂದ ಕಾಲೆತ್ತಿದ. ಹೆಂಡತಿ ಅವನ ಕಡೆ ನಿಧಾನಕ್ಕೆ, ಸ್ಲೋ ಮೋಷನ್ನಲ್ಲಿ ತಿರುಗಿದಳು. ಅವನು ಗಾಡಿ ನಿಲ್ಲಿಸಿದ. ಇಂಜಿನ್ ಆನ್‌ನಲ್ಲೇ ಇತ್ತು. ಸದ್ದು ಮಾತ್ರ ನಿಂತಿತು.

ಅತ್ತೆ ಬಾಯಿಂದ ಕರ್ಚೀಫ್ ತೆಗೆದು ಹೇಳಿದರು. “ತಪ್ಪು ತಿಳೀಬೇಡಿ ಅಳಿಯಂದ್ರೆ, ಅದು ನನ್ನ ಹಲ್ಲಿನ ಸೆಟ್ಟು. ತಿರುವಿನಲ್ಲಿ ಹೆದರಿಕೆ ಆಯ್ತು.”

ಹೆಂಡತಿ ಇಳಿದು ಬಾನೆಟ್ಟಿಗೆ ಕಿವಿ ಹತ್ತಿರ ಇಟ್ಟು ಬಹಳ ಹೊತ್ತು ಕೇಳಿದಳು. ಎದ್ದಾಗ ಅವಳ ಮುಖದಲ್ಲಿ ಮದುವೆ ಫೋಟೋದಲ್ಲಿದ್ದ ನಗು ಇತ್ತು.

“ಬಿರುಕಿಲ್ಲ ಕಣ್ರೀ. ನಿಜವಾಗ್ಲೂ ಸರಿ ಮಾಡಿದೀರ. ಥ್ಯಾಂಕ್ಸ್.”

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಮೊದಲ ಥ್ಯಾಂಕ್ಸ್. ಟರ್ಬೊಗೆ ಕಣ್ಣು ತುಂಬಿ ಬಂತು. ಅಕ್ಕ, ಅಂಕಲ್, ಚಿಕ್ಕಮ್ಮ, ಕೊನೆಗೆ ಹಲ್ಲಿನ ಸೆಟ್ಟು ಮಾಡಿದ ಡಾಕ್ಟರು, ಎಲ್ಲರನ್ನೂ ಮನಸ್ಸಲ್ಲೇ ನೆನೆದ.

“ಹಾಗಾದ್ರೆ ಗುಜರಿಗೆ ಹಾಕಲ್ವಾ?”

“ಛೆ, ಇಂಥ ಗಾಡೀನ ಯಾರಾದ್ರೂ ಗುಜರಿಗೆ ಹಾಕ್ತಾರಾ? ಸ್ವಲ್ಪ ಇಳೀರಿ.”

ಇಳಿದ. ಅವಳು ಅವನ ಸೀಟಲ್ಲಿ ಕೂತು, ಸೀಟನ್ನು ಮುಂದಕ್ಕೆ ಎಳೆದು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು.

“ಲೈಸೆನ್ಸ್ ಯಾವಾಗ್ಲೋ ಮಾಡ್ಸಿಟ್ಟಿದೀನಿ. ಇದು ನಡುದಾರೀಲಿ ಕೈ ಕೊಡತ್ತೆ ಅಂತ ಸುಮ್ನಿದ್ದೆ. ಇನ್ನೇನು ಭಯ. ನಾಳೆಯಿಂದ ಆಫೀಸಿಗೆ ಇದರಲ್ಲೇ ಹೋಗ್ತೀನಿ.”

“ಮತ್ತೆ ಭಾನುವಾರ?”

“ಭಾನುವಾರ ಅಮ್ಮನ್ನ ಸುತ್ತಾಡಿಸ್ತೀನಿ. ನೀವೂ ಬನ್ನಿ, ಜಾಗ ಇದೆ.”

ಮುಂದಿನ ಸೀಟಿಗೆ ಅತ್ತೆ ಆಗಲೇ ಬಂದು ಕೂತಾಗಿತ್ತು. ಟರ್ಬೊ ಹಿಂದೆ ಹತ್ತಿ ಬಾಗಿಲು ಹಾಕಿಕೊಂಡ. ಹೆಂಡತಿ ಮೊದಲ ತಿರುವನ್ನೇ ಅವನು ಕನಸಲ್ಲೂ ಹೊಡೆಯದ ಸ್ಪೀಡಿನಲ್ಲಿ ಹೊಡೆದಳು. ಅತ್ತೆ ಭಯಪಡಲಿಲ್ಲ, ಚಪ್ಪಾಳೆ ತಟ್ಟಿದರು.

ಟರ್ಬೊದ ಶಿಳ್ಳೆ ಹಿಂದಿನ ಸೀಟಿಗೆ ಇನ್ನೂ ಚೆನ್ನಾಗಿ ಕೇಳುತ್ತದೆ ಎಂಬುದು ಅವನಿಗೆ ಅವತ್ತೇ ಗೊತ್ತಾಗಿದ್ದು.