ದಾಸ್ತಾನು ಕ್ರಮಾಂಕ ೪೧ರ ಹಾರ್ಮೋನಿಯಂನಿಂದ ತಮಟೆ ಸದ್ದು ಬರುತ್ತಿರುವ ಬಗ್ಗೆ

ಶಾಖಾ ಕಚೇರಿ, ದಾಸ್ತಾನು ವಿಭಾಗ, ಯಲಹಂಕ

ಸುತ್ತೋಲೆ ಸಂಖ್ಯೆ: ದಾ.ವಿ/ಯ.ಶಾ/ಹಾ-ತ/೪೧/೨೦೨೪-೨೫
ದಿನಾಂಕ: ೧೮-೧೧-೨೦೨೪

ವಿಷಯ: ದಾಸ್ತಾನು ಕೊಠಡಿಯ ಹಾರ್ಮೋನಿಯಂ ಬಳಕೆ, ಗುರುವಾರಗಳಂದು ಸಿಬ್ಬಂದಿ ಪಾಲಿಸಬೇಕಾದ ಶಿಸ್ತು, ಕಾಲು ಕುಣಿಸುವುದಕ್ಕೆ ಮಿತಿ ಹಾಗೂ ಸದರಿ ವಸ್ತುವಿನ ಹರಾಜಿನ ಕುರಿತು.

ಉಲ್ಲೇಖ:
೧. ದಾಸ್ತಾನು ವಹಿ, ೧೯೮೭, ಪುಟ ೧೨.
೨. ಲೆಕ್ಕ ತಪಾಸಣಾಧಿಕಾರಿ ಶ್ರೀಮತಿ ವಂದನಾ ಅವರ ಆಕ್ಷೇಪಣೆ, ದಿನಾಂಕ ೨೪-೧೦-೨೦೨೪.
೩. ಕೇಂದ್ರ ಕಚೇರಿಯ ವಿಲೇವಾರಿ ಆದೇಶ, ದಿನಾಂಕ ೦೫-೧೧-೨೦೨೪.
೪. ಶ್ರೀ ಚಿಕ್ಕಬೈರಪ್ಪನವರ ಮೌಖಿಕ ಅಭಿಪ್ರಾಯ (ಅವರು ಹೇಳುತ್ತಲೇ ಇರುವುದರಿಂದ ದಿನಾಂಕ ನಮೂದಿಸಿಲ್ಲ).

ಪ್ರಸ್ತಾವನೆ:

೧೯೮೭ರಲ್ಲಿ ಈ ಕಚೇರಿಗೆ ಒಂದು ಮನೆ ಕಂಪ್ಯೂಟರ್ ಸರಬರಾಜಾಗಿರುತ್ತದೆ. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಯಂತ್ರವಿದ್ದು, ಟಿ.ವಿ.ಗೆ ಸಿಕ್ಕಿಸಿ ನೋಡಬೇಕಾದ, ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಬೇಕಾದ ಹಳೆಯ ಮಾದರಿ ಅದು. ಅಂದಿನ ದಾಸ್ತಾನು ಗುಮಾಸ್ತ ಶ್ರೀ ಶ್ರೀರಾಮಪ್ಪನವರು (ಈಗ ದಿವಂಗತರು) ಪೆಟ್ಟಿಗೆ ಬಿಚ್ಚಿ, ಸಾಲಾಗಿ ಮಣೆಗಳಿರುವುದನ್ನೂ ಒತ್ತಿದರೆ ಸದ್ದು ಬರುವುದನ್ನೂ ಖುದ್ದು ಪರಿಶೀಲಿಸಿ, ‘ಹಾರ್ಮೋನಿಯಂ (ವಿದ್ಯುತ್), ಒಂದು’ ಎಂದು ವಹಿಯಲ್ಲಿ ಬರೆದು ಮೇಲಧಿಕಾರಿಗಳ ಸಹಿ ಪಡೆದಿರುತ್ತಾರೆ. ವಹಿಗೆ ಹತ್ತಿದ್ದನ್ನು ತಿದ್ದುವ ಧೈರ್ಯ ಯಾರೂ ಮಾಡದ ಕಾರಣ ಕಳೆದ ಮೂವತ್ತೇಳು ವರ್ಷಗಳಿಂದ ಸದರಿ ಕಂಪ್ಯೂಟರು ಹಾರ್ಮೋನಿಯಂ ಆಗಿಯೇ ಸೇವೆಯಲ್ಲಿರುತ್ತದೆ.

ಕೆಳಸಹಿದಾರರು, ಅಂದರೆ ದಾಸ್ತಾನು ವಿಭಾಗದ ಅಧೀಕ್ಷಕ ಸುಬ್ರಹ್ಮಣ್ಯ ಅವರು, ವಹಿಯಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆಯುವ ಮೊದಲು ವಸ್ತುವನ್ನು ಒಮ್ಮೆ ಓಡಿಸಿ ನೋಡುವ ಅಭ್ಯಾಸ ಇಟ್ಟುಕೊಂಡಿದ್ದಾರೆ. ಇದು ಇಲಾಖೆಯ ಪದ್ಧತಿಯಲ್ಲ, ಅವರ ಕಾಯಿಲೆ. ಕಳೆದ ಜೂನ್ ತಿಂಗಳ ಒಂದು ಗುರುವಾರ ಯಂತ್ರದೊಂದಿಗೆ ಬಂದಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಅವರು ಹಾಕಿದಾಗ, ಏಳು ನಿಮಿಷಗಳ ಕಿರುಚಾಟದ ತರುವಾಯ ಟಿ.ವಿ.ಯ ಮೇಲೆ ಚೌಕಾಬಾರದ ಮನೆಗಳಂಥ ಒಂದು ಪಟ್ಟಿ ಮೂಡಿರುತ್ತದೆ. ಮೂರು ಸಾಲು, ಸಾಲಿಗೆ ಹದಿನಾರು ಮನೆ. ಮನೆ ತುಂಬಿದರೆ ಪೆಟ್ಟು ಬೀಳುತ್ತದೆ, ಖಾಲಿ ಬಿಟ್ಟರೆ ಇಲ್ಲ. ಕೆಳಗಿನ ಉದ್ದ ಗುಂಡಿ ಒತ್ತಿದರೆ ಯಂತ್ರವು ಎಡದಿಂದ ಬಲಕ್ಕೆ ಬಾರಿಸುತ್ತಾ, ನಿಲ್ಲಿಸು ಎನ್ನುವವರೆಗೂ ಸುತ್ತು ಹೊಡೆಯುತ್ತದೆ. ಸುಬ್ರಹ್ಮಣ್ಯ ಅವರು ಮನಸ್ಸಿಗೆ ಬಂದ ನಾಲ್ಕಾರು ಮನೆ ತುಂಬಿ ಗುಂಡಿ ಒತ್ತಿರುತ್ತಾರೆ.

ಅದೇ ವೇಳೆಗೆ ಕೊಠಡಿಯ ಮೂಲೆಯ ಕುರ್ಚಿಯಲ್ಲಿ ಅಟೆಂಡರ್ ಅಂಜನಮ್ಮನವರ ತಂದೆ, ಅಲ್ಲಾಳಸಂದ್ರದ ಶ್ರೀ ಚಿಕ್ಕಬೈರಪ್ಪನವರು (೮೧) ಕುಳಿತಿದ್ದರು. ಸದರಿಯವರು ಹಿಂದೆ ಊರಿನ ತೋಟಿಯಾಗಿದ್ದು, ಸರ್ಕಾರದ ಆದೇಶಗಳನ್ನು ತಮಟೆ ಬಾರಿಸಿ ಕೇರಿ ಕೇರಿಗೆ ಸಾರುತ್ತಿದ್ದವರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ತಮಟೆ ಗೋಡೆಯ ಮೊಳೆ ಸೇರಿದೆ. ಗುರುವಾರ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸಿ, ಮಗಳ ಡ್ಯೂಟಿ ಮುಗಿಯುವವರೆಗೆ ಅವರನ್ನು ಇಲ್ಲಿ ಕೂರಿಸಲಾಗುತ್ತದೆ. ಯಂತ್ರದ ಬಡಿತ ಕೇಳಿ ಅವರು ಆಡಿದ ಮಾತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಯಾವನವ್ವಾ ಅವ್ನು, ಇಂಗ್ ಬಾರಿಸ್ತಾ ಅವ್ನೆ? ಅನ್ನ ತಿಂದಿಲ್ವಾ?”

ಬಾರಿಸಿದ್ದು ಯಂತ್ರ, ಒಂದು ಬೆರಳಿದ್ದರೆ ಸಾಕು, ಯಾರು ಬೇಕಾದರೂ ತುಂಬಬಹುದು ಎಂದು ಸುಬ್ರಹ್ಮಣ್ಯ ಅವರು ವಿವರಣೆ ನೀಡಿದರು. ಚಿಕ್ಕಬೈರಪ್ಪನವರು ಬಲಗೈಯ ತೋರುಬೆರಳನ್ನು ಮುಂದೆ ಚಾಚಿದರು. ಪೆಟ್ಟಿಗೊಂದು ಮನೆಯಂತೆ ತುಂಬಲು ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಉದ್ದ ಗುಂಡಿಯನ್ನೂ ಅವರೇ ಒತ್ತಿದರು. ಮೂರು ವರ್ಷದ ಮೇಲೆ ತಮ್ಮ ಬಡಿತವನ್ನು ತಾವೇ ಕೇಳಿದರು. ಅಂಜನಮ್ಮನವರು ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು ಅತ್ತಿರುತ್ತಾರೆ. ಟೀ ಆರಿಹೋದ ಬಗ್ಗೆ ಸಿಬ್ಬಂದಿಯಿಂದ ಲಿಖಿತ ದೂರು ಸ್ವೀಕೃತವಾಗಿದೆ.

ಅಂದಿನಿಂದ ಪ್ರತಿ ಗುರುವಾರ ಹೀಗೇ ನಡೆದುಬಂದಿದ್ದು, ಉಲ್ಲೇಖ (೨)ರ ಗುರುವಾರ ತಪಾಸಣೆಗೆ ಬಂದ ಶ್ರೀಮತಿ ವಂದನಾ ಅವರು ‘ವಹಿಯ ಪ್ರಕಾರ ಹಾರ್ಮೋನಿಯಂ, ಬರುತ್ತಿರುವುದು ತಮಟೆ ಸದ್ದು. ಹಾಗಾದರೆ ಮೂಲ ಹಾರ್ಮೋನಿಯಂ ಎಲ್ಲಿ?’ ಎಂದು ಆಕ್ಷೇಪಣೆ ಎತ್ತಿರುತ್ತಾರೆ. ಕೇಂದ್ರ ಕಚೇರಿಯು ಈ ಪ್ರಶ್ನೆಯಿಂದ ಗಾಬರಿಗೊಂಡು, ಸದರಿ ವಸ್ತುವನ್ನು ನಿರುಪಯುಕ್ತವೆಂದು ಪರಿಗಣಿಸಿ ಹರಾಜು ಹಾಕುವಂತೆ ಉಲ್ಲೇಖ (೩)ರಲ್ಲಿ ಆದೇಶಿಸಿದೆ. ಹರಾಜಾದರೆ ಅದು ನೇರ ಗುಜರಿಗೆ ಹೋಗುತ್ತದೆ, ಅದರ ಜೊತೆಗೆ ಚಿಕ್ಕಬೈರಪ್ಪನವರಿಗೆ ಮರಳಿ ಬಂದ ಕೈಯೂ ಹೋಗುತ್ತದೆ. ಇದು ಕೆಳಸಹಿದಾರರ ಖಾಸಗಿ ಅಭಿಪ್ರಾಯ, ಆದರೂ ಸತ್ಯಾಂಶ.

ಆದ್ದರಿಂದ ಹರಾಜು ಮುಗಿಯುವವರೆಗೆ ಈ ಕೆಳಕಂಡ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವಂತೆ ಎಲ್ಲಾ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ.

೧. ಸದರಿ ವಸ್ತುವನ್ನು ಬಾಯಿಮಾತಿನಲ್ಲಿಯೂ ಹಾರ್ಮೋನಿಯಂ ಎಂದೇ ಕರೆಯತಕ್ಕದ್ದು. ಭಜನಾ ಮಂಡಳಿಯವರು ಎರವಲು ಕೇಳಿ ಬಂದಲ್ಲಿ ‘ತಿದಿ ರಿಪೇರಿಗೆ ಹೋಗಿದೆ’ ಎಂದು ಉತ್ತರಿಸುವುದು. ಹಾರ್ಮೋನಿಯಂಗೆ ಟಿ.ವಿ. ಏಕೆ ಎಂದು ಕೇಳುವ ಹೊಸ ನೌಕರರನ್ನು ವಹಿಯ ಪುಟ ೧೨ರ ಮುಂದೆ ಐದು ನಿಮಿಷ ನಿಲ್ಲಿಸುವುದು.

೨. (ಅ) ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬುವ ಏಳು ನಿಮಿಷಗಳ ಕಾಲ ಕಚೇರಿಯಲ್ಲಿ ಸಂಪೂರ್ಣ ನಿಶ್ಶಬ್ದ ಪಾಲಿಸತಕ್ಕದ್ದು. ಟೇಪಿನ ಕಿರುಚಾಟವನ್ನು ಮಿಕ್ಸಿ, ಫ್ಯಾಕ್ಸ್ ಅಥವಾ ಸಾರ್ವಜನಿಕರ ಅಹವಾಲು ಎಂದು ತಪ್ಪು ತಿಳಿಯಬಾರದು. ಪ್ರಥಮ ದರ್ಜೆ ಸಹಾಯಕ ಶ್ರೀ ಉಮೇಶ್ ಅವರು ಆರನೇ ನಿಮಿಷದಲ್ಲಿ ಮೇಜು ಅಲುಗುವಂತೆ ಸೀನಿ ಎರಡು ಬಾರಿ ಮೊದಲಿನಿಂದ ತುಂಬಬೇಕಾಗಿ ಬಂದಿರುವುದರಿಂದ, ನೆಗಡಿ ಇರುವವರು ಗುರುವಾರ ವರಾಂಡದಲ್ಲಿ ಕುಳಿತುಕೊಳ್ಳತಕ್ಕದ್ದು. ಈ ಅವಧಿಯನ್ನು ಕ್ಷೇತ್ರ ಕಾರ್ಯವೆಂದು ಪರಿಗಣಿಸಲಾಗುವುದು.

(ಆ) ಟೇಪ್‌ರೆಕಾರ್ಡರಿನ ವಾಲ್ಯೂಮ್ ತಿರುಗುಣಿಯನ್ನು ಕುಂಕುಮದ ಬೊಟ್ಟಿಟ್ಟ ಗುರುತಿಗೇ ನಿಲ್ಲಿಸತಕ್ಕದ್ದು. ಕೂದಲೆಳೆಯಷ್ಟು ಆಚೀಚೆಯಾದರೂ ಪ್ರೋಗ್ರಾಂ ಹತ್ತುವುದಿಲ್ಲ. ಈ ಸಲದ ಆಯುಧ ಪೂಜೆಯಂದು ಅಂಜನಮ್ಮನವರು ಭಕ್ತಿಯಿಂದ ಇನ್ನೂ ಮೂರು ಬೊಟ್ಟಿಟ್ಟ ಪರಿಣಾಮ, ಯಾವುದು ಗುರುತು ಯಾವುದು ಪೂಜೆ ಎಂದು ತಿಳಿಯದೆ ಒಂದು ಗುರುವಾರ ಪೂರ್ತಿ ವ್ಯರ್ಥವಾಗಿರುತ್ತದೆ. ಇನ್ನು ಮುಂದೆ ಪೂಜೆಯ ಬೊಟ್ಟನ್ನು ಟಿ.ವಿ.ಗೆ ಮಾತ್ರ ಇಡತಕ್ಕದ್ದು.

೩. ಪಟ್ಟಿಯಲ್ಲಿರುವ ಖಾಲಿ ಮನೆಗಳನ್ನು ಖಾಲಿ ಹುದ್ದೆಗಳೆಂದು ಭಾವಿಸಿ ಭರ್ತಿಗೆ ಪ್ರಸ್ತಾವನೆ ಕಳುಹಿಸಬಾರದು. ಆಗಸ್ಟ್ ತಿಂಗಳಲ್ಲಿ ಶ್ರೀ ಉಮೇಶ್ ಅವರು ‘ಎಂಟನೇ ಮನೆಯಲ್ಲಿ ಏನೂ ನಡೆಯುತ್ತಿಲ್ಲ’ ಎಂದು ಸ್ವಪ್ರೇರಣೆಯಿಂದ ಅಲ್ಲಿಗೊಂದು ಪೆಟ್ಟು ತುಂಬಿದ್ದು, ಆಗ ಶ್ರೀ ಚಿಕ್ಕಬೈರಪ್ಪನವರು ಕೋಪಗೊಂಡು ನೀಡಿದ ಹೇಳಿಕೆ ಹೀಗಿದೆ: “ತೆಗೀರಿ ಸಾ ಅದ್ನ. ಅಲ್ಲಿ ಸುಮ್ಕಿರ್ಬೇಕು. ಒಡ್ದೂ ಒಡ್ದೂ ಟಕ್ ಅಂತ ನಿಲ್ಸುದ್ರೆ ಆಗ ಜನ ಏನಪ್ಪಾ ಅಂತ ಬಾಗ್ಲಿಗ್ ಬರ್ತಾರೆ. ಅವಾಗ್ಲೇ ಸರ್ಕಾರದ್ ಆಡ್ರು ಯೋಳೋದು.” ಮೂವತ್ತಾರು ವರ್ಷ ಆದೇಶ ಬರೆದ ಸುಬ್ರಹ್ಮಣ್ಯ ಅವರಿಗೆ ಆದೇಶವನ್ನು ಜನ ಕೇಳುವುದು ಹೇಗೆ ಎಂಬುದು ಅಂದೇ ತಿಳಿದುಬಂದಿರುತ್ತದೆ.

೪. ಬಡಿತ ನಡೆಯುವಾಗ ಕಾಲು ಕುಣಿಸುವುದನ್ನು ಈ ಕೆಳಕಂಡಂತೆ ವಿನಿಯಮಿಸಲಾಗಿದೆ. ಡಿ ದರ್ಜೆ ನೌಕರರು ಎರಡೂ ಕಾಲು, ಸಿ ದರ್ಜೆಯವರು ಒಂದು ಕಾಲು, ಬಿ ದರ್ಜೆಯವರು ಹೆಬ್ಬೆರಳು ಮಾತ್ರ (ಶೂ ಒಳಗೆ). ಎ ದರ್ಜೆಯ ಅಧಿಕಾರಿಗಳು ತಲೆದೂಗಬಹುದಾಗಿದ್ದು, ಅದನ್ನು ಯಾವುದೇ ಕಡತಕ್ಕೆ ನೀಡಿದ ಒಪ್ಪಿಗೆಯೆಂದು ಅರ್ಥೈಸತಕ್ಕದ್ದಲ್ಲ. ನಿಯೋಜನೆಯ ಮೇಲೆ ಬಂದವರು ಮಾತೃ ಇಲಾಖೆಯ ನಿರಾಕ್ಷೇಪಣಾ ಪತ್ರ ತರುವವರೆಗೆ ಅಲುಗಾಡದೆ ಕೂರತಕ್ಕದ್ದು.

೫. ಗುರುವಾರಗಳಂದು ಸಾರ್ವಜನಿಕರು ತಮ್ಮ ಕೆಲಸ ಮುಗಿದ ನಂತರವೂ ಕಚೇರಿ ಬಿಟ್ಟು ಹೋಗದಿರುವುದು ಕಂಡುಬಂದಿದೆ. ಇದು ಈ ಕಚೇರಿಯ ಚರಿತ್ರೆಯಲ್ಲೇ ಮೊದಲು. ಕಳೆದ ವಾರ ತಣಿಸಂದ್ರದಿಂದ ಬಂದಿದ್ದ ಅರ್ಜಿದಾರರೊಬ್ಬರು, ಸಿಬ್ಬಂದಿ ‘ನಾಳೆ ಬನ್ನಿ’ ಎಂದಾಗ ಬೇಸರಪಟ್ಟುಕೊಳ್ಳದೆ, “ನಾಳೆ ಬ್ಯಾಡ ಗುರು, ಮುಂದಿನ್ ಗುರುವಾರನೇ ಬರ್ತೀನಿ” ಎಂದಿರುತ್ತಾರೆ. ಇಂಥ ನಡವಳಿಕೆ ಇತರ ಅರ್ಜಿದಾರರಿಗೆ ಹರಡದಂತೆ ಎಚ್ಚರ ವಹಿಸತಕ್ಕದ್ದು.

೬. ಬಡಿತವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಯಂತ್ರವೇ ಬೇಕಾಗಿಲ್ಲವಲ್ಲ ಎಂದು ಯಾರೂ ಜಾಣತನ ತೋರಬಾರದು. ಡೇಟಾ ಎಂಟ್ರಿ ಆಪರೇಟರ್ ಕುಮಾರಿ ಸಬೀರಾ ಅವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿ, “ತಾತಾ, ಇನ್ಮೇಲೆ ಮನೇಲೇ ಕೇಳ್ಬಹುದು” ಎಂದು ಕೊಟ್ಟಾಗ, ಚಿಕ್ಕಬೈರಪ್ಪನವರು ಪೂರ್ತಿ ಕೇಳಿ ಮೊಬೈಲ್ ಹಿಂತಿರುಗಿಸಿ, “ಅದು ಕೇಳಾಕೆ ಕಣವ್ವ. ಇದು ಬಾರ್ಸಾಕೆ” ಎಂದಿರುತ್ತಾರೆ. ಸಬೀರಾ ಅವರು ತಕ್ಷಣ ಅರ್ಥ ಮಾಡಿಕೊಂಡಿದ್ದಾರೆ. ಕೇಂದ್ರ ಕಚೇರಿಯೂ ಅರ್ಥ ಮಾಡಿಕೊಳ್ಳಲಿ ಎಂದು ಕೋರಲಾಗಿದೆ.

೭. ಟೇಪ್‌ರೆಕಾರ್ಡರಿನ ರೆಕಾರ್ಡ್ ಮಾಡುವ ಕೆಂಪು ಗುಂಡಿ ೧೯೯೪ರಲ್ಲಿ ಮುರಿದಿದ್ದು ಬೇಡಿಕೆ ಪತ್ರ ಇನ್ನೂ ಪರಿಶೀಲನೆಯಲ್ಲಿರುವುದರಿಂದ, ತುಂಬಿದ ಬಡಿತವನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇರುವುದಿಲ್ಲ. ಸಂಜೆ ಐದೂವರೆಗೆ ಸ್ವಿಚ್ ಆರಿಸಿದೊಡನೆ ಯಂತ್ರ ಎಲ್ಲವನ್ನೂ ಮರೆಯುತ್ತದೆ. ಚಿಕ್ಕಬೈರಪ್ಪನವರು ಮರೆಯುವುದಿಲ್ಲ, ಮುಂದಿನ ಗುರುವಾರ ಬಂದು ಮೊದಲ ಮನೆಯಿಂದ ಮತ್ತೆ ತುಂಬುತ್ತಾರೆ. ಹೀಗೆ ತುಂಬಿದ್ದು ಹಿಂದಿನ ವಾರದ ನೈಜ ಪ್ರತಿ ಎಂದು ದೃಢೀಕರಿಸುವಂತೆ ಅವರನ್ನು ಕೋರಲಾಗಿ, “ಓದ್ವಾರದ್ದು ಓದ್ವಾರಕ್ಕಾಯ್ತು” ಎಂದು ನಿರಾಕರಿಸಿರುತ್ತಾರೆ. ನಿರಾಕರಣೆಯನ್ನು ಅಂಗೀಕರಿಸಲಾಗಿದೆ.

೮.

(ಮೇಲಿನ ಕಂಡಿಕೆಯನ್ನು ನಿಯಮ ೩ರಲ್ಲಿನ ಹೇಳಿಕೆಯ ಅನುಸಾರ ಖಾಲಿ ಬಿಡಲಾಗಿದೆ. ಓದುತ್ತಿರುವವರು ಬಾಗಿಲಿಗೆ ಬರತಕ್ಕದ್ದು.)

೯. ಹರಾಜು: ಕೇಂದ್ರ ಕಚೇರಿಯ ಆದೇಶವನ್ನು ಶಿರಸಾವಹಿಸಿ ಪಾಲಿಸಲಾಗುವುದು. ಆದರೆ ಸದರಿ ಆದೇಶದ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಯಾರೋ ಹಳೆಯ ಆದೇಶದಿಂದ ಎತ್ತಿ ಹಾಕುವಾಗ ಅಳಿಸಲು ಮರೆತ ಒಂದು ಸಾಲು ಇರುತ್ತದೆ: ‘ಹರಾಜಿನ ವಿಷಯವನ್ನು ಸರಹದ್ದಿನೊಳಗೆ ತಮಟೆ ಬಾರಿಸಿ ಸಾರಿದ ಹೊರತು ಹರಾಜು ಊರ್ಜಿತವಾಗತಕ್ಕದ್ದಲ್ಲ.’ ಈ ಸಾಲನ್ನು ಸುಬ್ರಹ್ಮಣ್ಯ ಅವರು ನಾಲ್ಕನೇ ಓದಿಗೆ ಪತ್ತೆ ಹಚ್ಚಿ, ತಮ್ಮ ದರ್ಜೆಗೆ ಮೀರಿ ಎರಡೂ ಕಾಲು ಕುಣಿಸಿರುತ್ತಾರೆ. ಈ ಬಗ್ಗೆ ಅವರ ಮೇಲೆ ಶಿಸ್ತು ಕ್ರಮ ಕೈಗೊಳ್ಳಲು ಅವರೇ ಶಿಫಾರಸು ಮಾಡಿದ್ದಾರೆ.

ಸದರಿ ಸಾಲಿನ ಪ್ರಕಾರ ಹೆಬ್ಬಾಳದಿಂದ ಆರ್.ಟಿ. ನಗರದವರೆಗೆ ತಮಟೆಯವರನ್ನು ವಿಚಾರಿಸಲಾಯಿತು. ಸಿಕ್ಕವರೆಲ್ಲ ಗಣೇಶನ ಮೆರವಣಿಗೆಗೂ ಮುಖಂಡರ ಹುಟ್ಟುಹಬ್ಬಕ್ಕೂ ಸೊಗಸಾಗಿ ಬಾರಿಸುವವರಾಗಿದ್ದು, ಸರ್ಕಾರಿ ಆದೇಶ ಸಾರುವ ಬಡಿತ ತಮಗೆ ಗೊತ್ತಿಲ್ಲವೆಂದು ತಿಳಿಸಿರುತ್ತಾರೆ. ಆ ಬಡಿತ ಬಲ್ಲವರು ಈ ಸರಹದ್ದಿನಲ್ಲಿ ಒಬ್ಬರೇ. ಅವರು ಬಾರಿಸಬಲ್ಲ ವಾದ್ಯವೂ ಒಂದೇ. ದಾಸ್ತಾನು ಕ್ರಮಾಂಕ ೪೧.

ಆದಕಾರಣ ಆದೇಶಿಸಿರುವುದೇನೆಂದರೆ:

(ಅ) ಸದರಿ ಹಾರ್ಮೋನಿಯಂನ ಹರಾಜನ್ನು ಸದರಿ ಹಾರ್ಮೋನಿಯಂನಿಂದಲೇ ಸಾರತಕ್ಕದ್ದು.

(ಆ) ಸಾರುವ ಕೆಲಸ ನಡೆದಿರುವಷ್ಟು ಕಾಲ ವಸ್ತುವು ಸರ್ಕಾರಿ ಉಪಯೋಗದಲ್ಲಿರುವುದರಿಂದ ನಿರುಪಯುಕ್ತವಲ್ಲ. ನಿರುಪಯುಕ್ತವಲ್ಲದ ವಸ್ತುವನ್ನು ಹರಾಜು ಹಾಕಲು ಅವಕಾಶವಿಲ್ಲ.

(ಇ) ಸರಹದ್ದಿನ ಕಟ್ಟಕಡೆಯ ಕಿವಿಗೆ ವಿಷಯ ಮುಟ್ಟುವವರೆಗೆ ಸಾರುವುದನ್ನು ನಿಲ್ಲಿಸುವಂತಿಲ್ಲ. ತಣಿಸಂದ್ರದ ಅಪಾರ್ಟ್‌ಮೆಂಟುಗಳ ಹದಿನಾಲ್ಕನೇ ಮಹಡಿಯವರು ಎ.ಸಿ. ಹಾಕಿ ಕಿಟಕಿ ಮುಚ್ಚಿಕೊಂಡಿರುವುದರಿಂದ ಇದಕ್ಕೆ ಎಷ್ಟು ಗುರುವಾರ ಬೇಕಾಗುತ್ತದೆಂದು ಈಗಲೇ ಹೇಳಲು ಬರುವುದಿಲ್ಲ. ಹೊಸ ಮಹಡಿಗಳೂ ಏಳುತ್ತಿವೆ.

೧೦. ಗುರುವಾರದ ಟೀ ತಣ್ಣಗಿರುವ ಬಗ್ಗೆ ಇನ್ನು ಮುಂದೆ ದೂರು ಸ್ವೀಕರಿಸಲಾಗುವುದಿಲ್ಲ. ಅಂಜನಮ್ಮನವರು ಬಾಗಿಲಲ್ಲಿ ನಿಲ್ಲುವ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲಾಗಿದೆ.

ಮೇಲ್ಕಂಡ ನಿಯಮಗಳಲ್ಲಿ ಯಾವುದಾದರೂ ಅರ್ಥವಾಗದಿದ್ದಲ್ಲಿ ಗುರುವಾರ ಬೆಳಿಗ್ಗೆ ಖುದ್ದು ಬಂದು ಕೇಳಿಸಿಕೊಳ್ಳತಕ್ಕದ್ದು.

ಸಹಿ/-
(ಸುಬ್ರಹ್ಮಣ್ಯ)
ಅಧೀಕ್ಷಕರು, ದಾಸ್ತಾನು ವಿಭಾಗ
ಹಾಗೂ ಹಾರ್ಮೋನಿಯಂ (ಹೆಚ್ಚುವರಿ ಪ್ರಭಾರ)

ಪ್ರತಿಗಳು:
೧. ಕೇಂದ್ರ ಕಚೇರಿಗೆ, ಹರಾಜು ಪ್ರಗತಿಯಲ್ಲಿದೆ ಎಂಬ ಮಾಹಿತಿಗಾಗಿ.
೨. ಶ್ರೀಮತಿ ವಂದನಾ, ಲೆಕ್ಕ ತಪಾಸಣಾಧಿಕಾರಿಗಳು. ಮೂಲ ಹಾರ್ಮೋನಿಯಂ ಇದ್ದಲ್ಲೇ ಇದೆ. ಆಕ್ಷೇಪಣೆ ಬರೆಯುವಾಗ ತಮ್ಮ ಪೆನ್ನು ಕಡತದ ಮೇಲೆ ಬಡಿತಕ್ಕೆ ಸರಿಯಾಗಿ ಬೀಳುತ್ತಿದ್ದುದನ್ನು ನೋಡಲಾಗಿದ್ದು, ದಾಖಲಿಸಿರುವುದಿಲ್ಲ.
೩. ಶ್ರೀ ಉಮೇಶ್, ವರಾಂಡ.
೪. ದಿವಂಗತ ಶ್ರೀ ಶ್ರೀರಾಮಪ್ಪನವರಿಗೆ, ಪುಟ ೧೨ರ ಮೂಲಕ, ಕೃತಜ್ಞತೆಯೊಂದಿಗೆ.
೫. ಶ್ರೀ ಚಿಕ್ಕಬೈರಪ್ಪನವರು, ಅಲ್ಲಾಳಸಂದ್ರ. ಮಗಳಿಂದ ಓದಿಸಿ ಕೇಳುವುದು. ಸರ್ಕಾರದ ಆದೇಶ ಸಾರುವುದಿರುವುದರಿಂದ ಇದೇ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಎಡಗೈ ಕಡ್ಡಾಯವಲ್ಲ.