ಇಲಿ ತಿನ್ನುವ ಕೋಳಿಗಳ ಜೊತೆ ಸಂಸಾರ

ಕೋಳಿ ಸಾಕಿದವರ ಮನೆಯಲ್ಲಿ ಮೊಟ್ಟೆಗಿಂತ ಫಜೀತಿಗಳೇ ಹೆಚ್ಚು. ನಮ್ಮವರು ರಸ್ತೆ ಕೆಲಸದ ಮೇಸ್ತ್ರಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ಅವರಿಗೆ ಬದಲಿಯಾದ ಊರಿಗೆಲ್ಲ ಸಾಮಾನಿನ ಜೊತೆ ನನ್ನ ಕೋಳಿ ಬುಟ್ಟಿಯೂ ಬರುತ್ತಿತ್ತು. ಬುಟ್ಟಿಯ ಬಾಯಿ ಬಿಚ್ಚಿದಲ್ಲೆಲ್ಲ ಏನಾದರೊಂದು ಆಗುತ್ತಿತ್ತು.

ಆಳಂದ

ತೊಗರಿ ಗೋದಾಮಿನ ಹಿಂದೆಯೇ ನಮ್ಮ ಬಾಡಿಗೆ ಮನೆ. ಇಲಿಗಳು ಹಾಡಹಗಲೇ ಒಲೆಯ ಮುಂದೆ ಓಡಾಡುತ್ತಿದ್ದವು. ಒಂದು ದಿನ ಕಟ್ಟಿಗೆಯ ಬೋನಿಗೆ ಸಣ್ಣ ಇಲಿಯೊಂದು ಬಿತ್ತು. ಅದನ್ನೇನು ಮಾಡುವುದೆಂದು ತಿಳಿಯದೆ ನಿಂತಿದ್ದೆ. ಪಕ್ಕದ ಮನೆಯ ಮುದುಕಿಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಆಕೆ, "ವಿಷ ತಿಂದ ಇಲಿ ಅಲ್ಲ ಹೌದಲ್ಲ? ತಾ ಇಲ್ಲಿ" ಎಂದು ಬೋನು ಕಸಿದುಕೊಂಡು ನನ್ನ ಕೋಳಿಗಳ ನಡುವೆ ಇಟ್ಟು ಬಾಗಿಲೆತ್ತಿದಳು.

ಜೋಳ ಕಂಡರೆ ಗದ್ದಲ ಎಬ್ಬಿಸುವ ಕೋಳಿಗಳು ಆಗ ಸದ್ದೇ ಮಾಡಲಿಲ್ಲ. ಕೆಂಪು ಕೋಳಿ ಒಂದೇ ಕುಕ್ಕಿಗೆ ಇಲಿಯನ್ನು ಮಲಗಿಸಿ ಇಡಿಯಾಗಿ ನುಂಗತೊಡಗಿತು. ಕೊಕ್ಕಿನ ಹೊರಗೆ ಬಾಲ ಇನ್ನೂ ಅಲ್ಲಾಡುತ್ತಿದ್ದಂತೆಯೇ ತಲೆ ಓರೆ ಮಾಡಿ ನನ್ನನ್ನು ದಿಟ್ಟಿಸಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಖಾಲಾ, ಇದು ನನ್ನ ಯಾಕ ಹಿಂಗ ನೋಡಾಕತ್ತದ?"

"ಏನಿಲ್ಲ ಬೇಟಿ. ನೀ ಎಷ್ಟು ದೊಡ್ಡಾಕಿ ಇದ್ದೀ ಅಂತ ಅಂದಾಜ ಮಾಡಾಕತ್ತದ."

ಗೊಬ್ಬೂರ

ಅಫಜಲಪುರ ತಾಲೂಕಿನ ಈ ಹಳ್ಳಿಗೆ ಬರುವಷ್ಟರಲ್ಲಿ ಬೋನಿನ ಬಾಗಿಲು ಬೀಳುವ 'ಟಪ್' ಸದ್ದು ಕೋಳಿಗಳಿಗೆ ಪಾಠವಾಗಿತ್ತು. ಕೇಳಿದರೆ ಸಾಕು, ಎಲ್ಲಿದ್ದರೂ ಬಂದು ಸುಮ್ಮನೆ ಸಾಲಾಗಿ ನಿಲ್ಲುತ್ತಿದ್ದವು.

ಎದುರು ಮನೆ ಲಿಂಗಾಯತರದು. ಅಲ್ಲಿಯ ಅಜ್ಜಿ ಮೊಟ್ಟೆಯ ಹೆಸರೂ ಎತ್ತುವವಳಲ್ಲ. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ನನ್ನನ್ನೂ ಸೇರಿಸಿ ಹೆಂಗಸರನ್ನು ಕೂಡಿಸಿ ಭಜನೆ ಶುರು ಮಾಡಿದಳು. ಚಪ್ಪಾಳೆಯದೇ ತಾಳ: ಟಪ್, ಟಪ್. ನನ್ನ ಕೋಳಿಗಳು ಹೋಗಿ ಕಟ್ಟೆಯ ಕೆಳಗೆ ನಿಂತವು. ಕಣ್ಣು ಮಿಟುಕಿಸದೆ ಅವರ ಕೈಗಳನ್ನೇ ನೋಡತೊಡಗಿದವು. ಒಬ್ಬಾಕೆ ಹೆದರಿ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಅಜ್ಜಿಗೆ ಮಾತ್ರ ಕಣ್ಣು ತುಂಬಿ ಬಂತು. "ಪಕ್ಷಿಗೂ ಭಕ್ತಿ ಹುಟ್ಟ್ಯಾದ ನೋಡವ್ವ!" ಎಂದು ಕೊಬ್ಬರಿ ಸಕ್ಕರೆಯ ಪ್ರಸಾದ ಹಾಕಿದಳು. ಒಂದು ಕೋಳಿಯೂ ಕೊಕ್ಕು ಇಡಲಿಲ್ಲ.

"ಏನು ವೈರಾಗ್ಯ! ಇವಕ್ಕ ಏನ್ ಬೇಕಾಗ್ಯಾದೋ, ಆ ಶಿವಗೇ ಗೊತ್ತು."

ನನಗೂ ಗೊತ್ತಿತ್ತು. ಚಪ್ಪಾಳೆ ತಟ್ಟುತ್ತ ಕುಳಿತೆ.

ಜೇವರ್ಗಿ

ಇಲ್ಲಿ ಸಿಕ್ಕಿದ್ದು ಬಹಳ ಕಾಲ ಬೀಗ ಬಿದ್ದಿದ್ದ ಮನೆ. ಹೊತ್ತು ಇಳಿಯುತ್ತಿದ್ದಂತೆ ಕೋಳಿಗಳೆಲ್ಲ ಹಿತ್ತಲಿನ ಒಂದು ಮೂಲೆಗೆ ಮುಖ ಮಾಡಿ ಕಲ್ಲಿನಂತೆ ನಿಲ್ಲತೊಡಗಿದವು. ಅಲ್ಲಿ ಒಂದು ಹಳೆಯ ಒರಳು ಬಿಟ್ಟರೆ ಏನೂ ಇರಲಿಲ್ಲ. ಜೋಳ ಚೆಲ್ಲಿದರೂ ತಿರುಗಿ ನೋಡಲೊಲ್ಲವು. ಮನೆಯೊಡತಿ ಬಂದು ನೋಡಿದವಳೇ ಬೆವೆತಳು. "ತೀರಿಕೊಂಡ ನಮ್ಮತ್ತಿ ಅಲ್ಲೇ ಕುಂದರತಿದ್ಳವ್ವ."

ನಾನು ತವರಿಗೆ ಹೋಗಲು ಗಂಟು ಕಟ್ಟಿದೆ. ನಮ್ಮವರು ಓಡಿಹೋಗಿ ಮಂತ್ರವಾದಿಯನ್ನು ಕರೆತಂದರು.

ಆತ ಮೂಲೆಯಲ್ಲಿ ಕುಳಿತು, ನಿಂಬೆಹಣ್ಣು ಇಟ್ಟು, ಕಣ್ಣು ಮುಚ್ಚಿದ. "ಹೆಣ್ಣು ದೆವ್ವ ಅದ. ಹಸದದ. ಈಗ ಹೊರಗ ಬರ್ತದ" ಎಂದು ಒರಳನ್ನು ಪಕ್ಕಕ್ಕೆ ನೂಕಿದ.

ಖರೇನೇ ಬಂತು. ಒರಳಿನ ಕೆಳಗಿನ ಬಿಲದಿಂದ ಇಲಿ ಹಿಂಡೇ ಎದ್ದು ಬಂತು. ಒಂದು ಆತನ ಧೋತರದೊಳಗೆ ನುಗ್ಗಿತು. ಅದರ ಹಿಂದೆಯೇ ಕೋಳಿಗಳೆಲ್ಲ ಆತನ ಮೇಲೆ ಎರಗಿದವು.

"ಬಿಡಸ್ರೀ ಬಾಯೇರ! ಅತ್ತಿ ನನ್ನ ಹಿಡದಾಳ್ರೀ!" ಆತ ಕಣ್ಣು ತೆರೆಯದೆಯೇ ಚೀರುತ್ತ ಎದ್ದು ಗೋಡೆಗೊಮ್ಮೆ ಡಿಕ್ಕಿ ಹೊಡೆದು ಬೀದಿಗೆ ಓಡಿದ. ಕೆಂಪು ಕೋಳಿ ಚೌಕದ ತನಕ ಬೆನ್ನು ಬಿಡಲಿಲ್ಲ.

ಮರುದಿನ ಆತ ಬಂದು ಹೊಸ್ತಿಲಾಚೆಯೇ ನಿಂತ. "ಬಾಯೇರ, ಒಂದು ಕೋಳಿ ಕೊಡ್ತೀರೇನ್ರಿ? ನಮ್ಮ ಮನ್ಯಾಗೂ ಭಾಳ ಕಾಟ ಅದರಿ."

ನಾನು ಬಾಗಿಲನ್ನು ಅರ್ಧ ಮುಚ್ಚಿದೆ. "ದೆವ್ವದ್ದೇನ್ರಿ?"

"ಅಲ್ರಿ, ಇಲಿದು. ದೆವ್ವಕ್ಕ ನಾ ಅದೀನಲ್ರಿ."